ಒಬ್ಬರೇ ಹೇಳಿದ ಮಾತು: ಯುಎಕ್ಸ್ (ಬಳಕೆದಾರರ ಅನುಭವ) ವಿನ್ಯಾಸದಲ್ಲಿ ಚಾಟ್‌ಬಾಟ್ ಬಳಸಿದ ನನ್ನ ಅನುಭವ

ವೈದ್ಯರ ಭೇಟಿಗೆ ಸಮಯ ಕಾಯ್ದಿರಿಸುವ ಒಂದು ಮೊಬೈಲ್ ಆ್ಯಪ್‌ನ ಮರುವಿನ್ಯಾಸದ ಕೆಲಸ ನನಗೆ ಬಂದಾಗ, ಸಂದರ್ಶನದ ಪ್ರಶ್ನೆಗಳಿಂದ ಹಿಡಿದು ಬಟನ್‌ಗಳ ಮೇಲಿನ ಪದಗಳವರೆಗೆ ಎಲ್ಲ ಹಂತಗಳಲ್ಲಿಯೂ ಎಐ ಚಾಟ್‌ಬಾಟನ್ನು ಜೊತೆಗಿಟ್ಟುಕೊಳ್ಳಬೇಕೆಂದು ನಿರ್ಧರಿಸಿದೆ. 2022ರ ನವೆಂಬರ್ ಕೊನೆಯಲ್ಲಿ ಚಾಟ್‌ಜಿಪಿಟಿ ಬಿಡುಗಡೆಯಾದಂದಿನಿಂದ ಅದನ್ನು ಸಣ್ಣಪುಟ್ಟ ಕೆಲಸಗಳಿಗೆ ಬಳಸುತ್ತಿದ್ದೆನಾದರೂ, ಒಂದು ಯೋಜನೆಯ ಉದ್ದಕ್ಕೂ ಬಳಸಿದ್ದು ಅದೇ ಮೊದಲು.

ಅದು ಮೊದಲು ನೆರವಾದದ್ದು ಪ್ರಶ್ನೆಗಳ ಪಟ್ಟಿಯಲ್ಲಿ. ಹದಿನಾಲ್ಕು ಪ್ರಶ್ನೆಗಳನ್ನು ನಾನೇ ಬರೆದು, ‘ಇವು ಚೆನ್ನಾಗಿವೆಯೇ?’ ಎಂದು ಕೇಳಿದೆ. ಚೆನ್ನಾಗಿವೆ ಎಂಬ ಉತ್ತರ ಬಂತು. ಕೇಳುವವರ ಅಭಿಪ್ರಾಯಕ್ಕೆ ತಲೆದೂಗುವ ಪ್ರವೃತ್ತಿ ಚಾಟ್‌ಬಾಟ್‌ಗಳ ಹಿಂದಿರುವ ಭಾಷಾ ಮಾದರಿಗಳಲ್ಲಿ ಇರುವುದರಿಂದ ಅಂಥ ಪ್ರಶ್ನೆಯಿಂದ ಪ್ರಯೋಜನವಿಲ್ಲ. ‘ಇವುಗಳಲ್ಲಿ ಉತ್ತರವನ್ನು ಬಳಕೆದಾರರ ಬಾಯಿಗೆ ತುರುಕುವಂಥವು ಯಾವುವು, ಏಕೆ?’ ಎಂದು ಕೇಳಿದಾಗ ಅದು ನಾಲ್ಕನ್ನು ಎತ್ತಿ ತೋರಿಸಿತು. ‘ಸಮಯ ಬದಲಿಸುವುದು ನಿಮಗೆ ಕಷ್ಟವಾಯಿತೇ?’ ಎಂಬುದು ಅವುಗಳಲ್ಲೊಂದು. ಅದನ್ನು ‘ಹಿಂದಿನ ಸಲ ಸಮಯ ಬದಲಿಸಬೇಕಾಗಿ ಬಂದಾಗ ನೀವು ಏನೇನು ಮಾಡಿದಿರಿ?’ ಎಂದು ತಿದ್ದಿಕೊಂಡೆ. ಸಂದರ್ಶನಗಳಲ್ಲಿ ಅತ್ಯಂತ ದೀರ್ಘವಾದ, ವಿವರಗಳಿಂದ ಕೂಡಿದ ಉತ್ತರಗಳು ಬಂದದ್ದು ಈ ಪ್ರಶ್ನೆಗೇ.

ಒಂಬತ್ತು ಮಂದಿಯೊಡನೆ ಮಾತನಾಡಿದ ಮೇಲೆ, ಅವರ ಹೆಸರು, ಫೋನ್ ಸಂಖ್ಯೆ ಮತ್ತು ಕಾಯಿಲೆಯ ವಿವರಗಳನ್ನೆಲ್ಲ ತೆಗೆದುಹಾಕಿ, ಒಪ್ಪಿಗೆ ಕೊಟ್ಟವರ ಮಾತುಗಳ ಬರಹ ರೂಪವನ್ನು ಮಾತ್ರ ಚಾಟ್‌ಬಾಟ್‌ಗೆ ಕೊಟ್ಟೆ. ಈ ಎಚ್ಚರಿಕೆ ಕೆಲಸವನ್ನು ಅರ್ಧ ದಿನ ಹಿಂದಕ್ಕೆ ತಳ್ಳಿತು. ಆದರೆ ಆರೋಗ್ಯದ ವಿಷಯದಲ್ಲಿ ನಂಬಿ ಮಾತನಾಡಿದವರಿಗೆ ಅಷ್ಟನ್ನಾದರೂ ಮಾಡಲೇಬೇಕು ಎಂದು ನಾನು ನಂಬಿದ್ದೇನೆ. ಕೆಲವೇ ನಿಮಿಷಗಳಲ್ಲಿ ಐದು ವಿಷಯಗುಂಪುಗಳೂ ಪ್ರತಿಯೊಂದಕ್ಕೂ ಬಳಕೆದಾರರ ಒಂದೊಂದು ಮಾತೂ ಸಿದ್ಧವಾಗಿ ಬಂದವು. ಅವುಗಳಲ್ಲಿ ಒಂದು ಮಾತು ತುಂಬ ಹಿಡಿಸಿದ್ದರಿಂದ, ಅದನ್ನು ಆಡಿದವರು ಯಾರೆಂದು ನೋಡಲು ಮೂಲ ಬರಹದಲ್ಲಿ ಹುಡುಕಿದೆ. ಅಂಥ ವಾಕ್ಯ ಎಲ್ಲಿಯೂ ಇರಲಿಲ್ಲ. ಇಬ್ಬರ ಮಾತುಗಳನ್ನು ಬೆರೆಸಿ, ಯಾರೂ ಆಡದ ಒಂದು ನಯವಾದ ವಾಕ್ಯವನ್ನು ಅದು ಉದ್ಧರಣ ಚಿಹ್ನೆಯೊಳಗೆ ಇಟ್ಟಿತ್ತು. ಮುಂದೆ ಯಾವ ಪದ ಬರುವ ಸಾಧ್ಯತೆ ಹೆಚ್ಚು ಎಂಬುದರ ಮೇಲೆ ವಾಕ್ಯ ಕಟ್ಟುವ ಯಂತ್ರಕ್ಕೆ, ಇದ್ದದ್ದನ್ನು ಎತ್ತಿಕೊಡುವುದಕ್ಕೂ ಇರಬಹುದಾದದ್ದನ್ನು ಹೆಣೆಯುವುದಕ್ಕೂ ನಡುವೆ ಗಟ್ಟಿಯಾದ ಗೆರೆಯಿಲ್ಲ. ಅಂದಿನಿಂದ ಬರಹದ ಪ್ರತಿ ಸಾಲಿಗೂ ಸಂಖ್ಯೆ ಹಾಕಿ ಕೊಡುತ್ತೇನೆ. ಪ್ರತಿ ತೀರ್ಮಾನದ ಮುಂದೆ ಸಾಲಿನ ಸಂಖ್ಯೆ ಬೇಕೆಂದು ಕೇಳುತ್ತೇನೆ. ಆ ಸಾಲನ್ನು ನಾನೇ ತೆರೆದು ಓದುತ್ತೇನೆ.

ಹೀಗೆ ಸಾಲು ಸಾಲಾಗಿ ಓದುತ್ತಿದ್ದುದರಿಂದಲೇ ಇನ್ನೂ ದೊಡ್ಡದಾದ ಲೋಪವೊಂದು ಕಣ್ಣಿಗೆ ಬಿತ್ತು. ಐದು ಗುಂಪುಗಳಲ್ಲಿ ‘ಲಾಗಿನ್‌ನಲ್ಲಿ ತೊಂದರೆ’ ಎಂಬುದೂ ಒಂದು. ಪಾಸ್‌ವರ್ಡ್ ಮರೆತವರು, ಫೋನ್ ಬದಲಿಸಿದವರು ಎಲ್ಲರೂ ಅದರೊಳಗೆ ಸೇರಿದ್ದರು. ಏಳನೆಯ ಸಂದರ್ಶನದ ಮಹಿಳೆಯೂ ಅಲ್ಲಿಯೇ ಇದ್ದರು. ಅವರು ಹೇಳಿದ್ದು ಹೀಗೆ: “ಅಮ್ಮನಿಗೆ ಬುಕ್ ಮಾಡೋದು ನಾನೇ. ಒಟಿಪಿ ಮಾತ್ರ ಅವರ ಫೋನಿಗೆ ಹೋಗುತ್ತೆ. ನಾನು ಆಫೀಸಿನಲ್ಲಿರ್ತೀನಿ, ಅವರಿಗೆ ಅದನ್ನ ತೆಗೆದು ಓದೋಕೆ ಬರಲ್ಲ.” ಇದು ಲಾಗಿನ್‌ನ ತೊಂದರೆಯೇ ಅಲ್ಲ. ಕಾಯಿಲೆ ಇರುವವರು ಮತ್ತು ಆ್ಯಪ್ ಬಳಸುವವರು ಒಬ್ಬರೇ ಎಂದು ನಮ್ಮ ವಿನ್ಯಾಸ ಆರಂಭದಿಂದಲೇ ಭಾವಿಸಿಕೊಂಡಿತ್ತು ಎಂಬುದಕ್ಕೆ ಅವರ ಮಾತು ಸಾಕ್ಷಿಯಾಗಿತ್ತು. ಒಂಬತ್ತು ಮಂದಿಯಲ್ಲಿ ಇದನ್ನು ಹೇಳಿದವರು ಅವರೊಬ್ಬರೇ ಆಗಿದ್ದರಿಂದ, ಹಲವರಲ್ಲಿ ಮರುಕಳಿಸುವುದನ್ನು ಒಟ್ಟುಗೂಡಿಸುತ್ತಿದ್ದ ಚಾಟ್‌ಬಾಟ್ ಅದನ್ನು ಹತ್ತಿರದ ದೊಡ್ಡ ಗುಂಪಿನೊಳಗೆ ಕರಗಿಸಿಬಿಟ್ಟಿತ್ತು. ಆದ್ದರಿಂದ ಈಗ ಎರಡನೆಯ ಪ್ರಾಂಪ್ಟ್ ಒಂದನ್ನು ತಪ್ಪದೆ ಕೊಡುತ್ತೇನೆ: ‘ಒಬ್ಬರೇ ಹೇಳಿದ, ಉಳಿದವರಾರೂ ಹೇಳದ ಸಂಗತಿಗಳನ್ನು ಮಾತ್ರ, ಯಾವ ಗುಂಪಿಗೂ ಸೇರಿಸದೆ, ಸಾಲಿನ ಸಂಖ್ಯೆಯೊಂದಿಗೆ ಕೊಡು.’ ಮೊದಲ ಪಟ್ಟಿಗಿಂತ ಈ ಎರಡನೆಯ ಪಟ್ಟಿಯೇ ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ.

ಚಾಟ್‌ಬಾಟನ್ನೇ ಬಳಕೆದಾರರ ಪಾತ್ರದಲ್ಲಿ ಇರಿಸಿ ಪರೀಕ್ಷೆ ಮಾಡಬಹುದೆಂದು ಕೆಲವು ಸಹೋದ್ಯೋಗಿಗಳು ಸೂಚಿಸಿದ್ದರಿಂದ ಅದನ್ನೂ ಮಾಡಿ ನೋಡಿದೆ. ಅರವತ್ತು ದಾಟಿದ, ಸ್ಮಾರ್ಟ್‌ಫೋನ್ ಹೊಸದಾದ ವ್ಯಕ್ತಿಯಾಗಿ ಪ್ರತಿ ಸ್ಕ್ರೀನ್‌ಗೂ ಪ್ರತಿಕ್ರಿಯಿಸು ಎಂದಾಗ, ಅದು ತನ್ನ ಗೊಂದಲವನ್ನು ಸಹ ಬಹಳ ಸ್ಪಷ್ಟವಾದ ವಾಕ್ಯಗಳಲ್ಲಿ ವಿವರಿಸಿತು. ನಿಜವಾಗಿ ಗೊಂದಲಗೊಂಡವರು ಹಾಗೆ ವಿವರಿಸುವುದಿಲ್ಲ. ಮುಂದೆ ನಡೆಸಿದ ಪರೀಕ್ಷೆಯಲ್ಲಿ ಹಿರಿಯರೊಬ್ಬರು ದಿನಾಂಕ ಆರಿಸುವ ಸ್ಕ್ರೀನ್‌ನ ಮೇಲೆ ಬೆರಳನ್ನು ಎತ್ತಿ ಹಿಡಿದುಕೊಂಡು ಬಹಳ ಹೊತ್ತು ಸುಮ್ಮನೆ ಕುಳಿತರು, ಬಳಿಕ ಬ್ಯಾಕ್ ಒತ್ತಿ, ‘ಆಯ್ತಲ್ಲ?’ ಎಂದು ನನ್ನನ್ನೇ ಕೇಳಿದರು. ಆ ಮೌನ ಯಾವ ಬರಹದಲ್ಲಿಯೂ ದಾಖಲಾಗುವುದಿಲ್ಲ. ದಾಖಲಾಗದ್ದನ್ನು ಮಾದರಿ ಕಲಿತಿರಲೂ ಸಾಧ್ಯವಿಲ್ಲ. ಪಾತ್ರ ವಹಿಸುವ ಚಾಟ್‌ಬಾಟನ್ನು ನಾನೀಗ ಸಂದರ್ಶನದ ಪೂರ್ವಾಭ್ಯಾಸಕ್ಕೆ ಮಾತ್ರ ಬಳಸುತ್ತೇನೆ. ಅದರ ಉತ್ತರವನ್ನು ಪುರಾವೆಯೆಂದು ವರದಿಯಲ್ಲಿ ಸೇರಿಸುವುದಿಲ್ಲ.

ಬಳಕೆಯೋಗ್ಯತಾ ತಜ್ಞ ಜೇಕಬ್ ನೀಲ್ಸನ್ ಅವರು 1994ರಲ್ಲಿ ಪರಿಷ್ಕರಿಸಿದ ಹತ್ತು ಬಳಕೆಯೋಗ್ಯತಾ ಸೂತ್ರಗಳ ಪ್ರಕಾರ ಸ್ಕ್ರೀನ್‌ಗಳನ್ನು ಪರಿಶೀಲಿಸುವ ಕೆಲಸವನ್ನು ಅದು ಸಾಕಷ್ಟು ಚೆನ್ನಾಗಿ ಮಾಡಿತು. ರದ್ದು ಮಾಡಿದ ಮೇಲೆ ಹಿಂದಿರುಗುವ ದಾರಿಯಿಲ್ಲ ಎಂಬುದನ್ನು ನಮ್ಮ ತಂಡಕ್ಕಿಂತ ಮೊದಲು ಗುರುತಿಸಿದ್ದು ಅದೇ. ಆದರೆ ಸಣ್ಣ ಅಕ್ಷರಗಳಿಗೂ ಹಿನ್ನೆಲೆಗೂ ನಡುವೆ ಡಬ್ಲ್ಯುಸಿಎಜಿ (ಅಂಗವಿಕಲರೂ ಬಳಸಬಲ್ಲಂಥ ವೆಬ್ ವಿನ್ಯಾಸದ ಮಾರ್ಗಸೂಚಿ) ಕೇಳುವ ಕನಿಷ್ಠ 4.5:1 ಹೊಳಪಿನ ಅಂತರ (ಕಾಂಟ್ರಾಸ್ಟ್) ಇದೆಯೇ ಎಂದಾಗ, ಚಿತ್ರ ನೋಡಿ ‘ಇದೆ’ ಎಂದುಬಿಟ್ಟಿತು. ಉಪಕರಣದಲ್ಲಿ ಅಳೆದಾಗ ಅದು 3.2:1 ಮಾತ್ರ ಇತ್ತು. ಅಳೆಯಬಹುದಾದದ್ದನ್ನು ಅಳೆದೇ ನೋಡಬೇಕು, ಕೇಳಿ ತಿಳಿಯಬಾರದು.

ಕೊನೆಗೆ ಉಳಿದದ್ದು ಪದಗಳ ಕೆಲಸ. ಬೇರೆಯವರಿಗಾಗಿ ಕಾಯ್ದಿರಿಸುವ ಆಯ್ಕೆಗೆ ಇಪ್ಪತ್ತು ಹೆಸರುಗಳನ್ನು ಕೇಳಿದೆ. ‘ಅವಲಂಬಿತರ ಪರವಾಗಿ ಕಾಯ್ದಿರಿಸಿ’, ‘ಕುಟುಂಬ ಸದಸ್ಯರ ಪ್ರೊಫೈಲ್ ನಿರ್ವಹಿಸಿ’ ಎಂಬಂಥವು ಬಂದವು. ಎಲ್ಲವೂ ವ್ಯಾಕರಣಬದ್ಧವಾಗಿದ್ದವು, ಆದರೆ ತಾಯಿಯನ್ನು ಅವಲಂಬಿತರು ಎಂದು ಯಾರೂ ಕರೆಯುವುದಿಲ್ಲ. ಏಳನೆಯ ಸಂದರ್ಶನದ ಬರಹವನ್ನು ಮತ್ತೆ ತೆರೆದು, ‘ಅಮ್ಮನಿಗೆ’ ಎಂಬ ಅವರ ಪದದ ಬಳಿಯೇ ಸ್ವಲ್ಪ ಹೊತ್ತು ನಿಂತೆ. ಈಗ ಮೊದಲ ಸ್ಕ್ರೀನ್ ‘ಈ ಭೇಟಿ ಯಾರಿಗೆ?’ ಎಂದು ಕೇಳುತ್ತದೆ. ಅದರ ಕೆಳಗೆ ‘ನನಗೆ’, ‘ಮನೆಯವರಿಗೆ’ ಎಂಬ ಎರಡು ಬಟನ್‌ಗಳಿವೆ. ಎರಡನೆಯದನ್ನು ಒತ್ತಿದರೆ ಒಟಿಪಿ ಕಾಯ್ದಿರಿಸುತ್ತಿರುವವರ ಫೋನಿಗೇ ಬರುತ್ತದೆ.