ಮಕ್ಕಳಿಗೂ ಪಾಲಿರುವ ರಮಝಾನ್

ನೋಂಬು, ಅಂದರೆ ರಮಝಾನ್ ತಿಂಗಳ ಉಪವಾಸ, ಪ್ರಾಯಕ್ಕೆ ಬಂದವರಿಗೆ ಮಾತ್ರ ಕಡ್ಡಾಯ, ಚಿಕ್ಕ ಮಕ್ಕಳಿಗಲ್ಲ. ಹಾಗಿದ್ದರೂ ಬಂಟ್ವಾಳ ತಾಲೂಕಿನ ನಮ್ಮ ಊರಿನ ಬ್ಯಾರಿ ಮುಸ್ಲಿಮರ ಮನೆಗಳಲ್ಲಿ ಐದಾರು ವರ್ಷದ ಮಕ್ಕಳು ಕೂಡ "ಇವತ್ತು ನನಗೂ ನೋಂಬು" ಎಂದು ಹೇಳಿಕೊಳ್ಳಲು ಹಂಬಲಿಸುತ್ತಾರೆ. ಮನೆಗೆ ಬಂದ ನೆಂಟರು ಅವರನ್ನು ಮೊದಲು ಕೇಳುವುದೂ ಎಷ್ಟು ನೋಂಬು ಹಿಡಿದೆ ಎಂದೇ. ಮೂವರು ಮಕ್ಕಳ ತಾಯಿಯಾದ ನಾನು ಈ ಲೆಕ್ಕಕ್ಕೆ ಹೆಚ್ಚಿನ ಬೆಲೆ ಕೊಟ್ಟಿಲ್ಲ. ಹಸಿವನ್ನು ಎಷ್ಟು ಹೊತ್ತು ತಡೆದರು ಎಂಬುದಕ್ಕಿಂತ ತಿಂಗಳು ಪೂರ್ತಿ ಮನೆಯ ಯಾವ ಕೆಲಸ ಅವರದ್ದಾಗಿತ್ತು ಎಂಬುದೇ ಅವರನ್ನು ರಮಝಾನಿನೊಳಗೆ ಸೇರಿಸಿಕೊಳ್ಳುತ್ತದೆ ಎಂಬುದು ನನ್ನ ನಂಬಿಕೆ.

ಇದಕ್ಕೆ ದಾರಿ ತೋರಿದ್ದು ರುಬಯ್ಯಿ ಬಿಂತ್ ಮುಅವ್ವಿದ್ ಎಂಬ ಸಹಾಬಿ (ಪ್ರವಾದಿಯವರ ಒಡನಾಡಿ) ಮಹಿಳೆಯಿಂದ ಬಂದಿರುವ ಒಂದು ಹದೀಸ್. ಮುಹರ್ರಂ ಹತ್ತರ ಆಶೂರಾ ದಿನದಂದು ತಾವು ಮಕ್ಕಳಿಗೂ ಉಪವಾಸ ಹಿಡಿಸುತ್ತಿದ್ದೆವು, ಉಣ್ಣೆಯಿಂದ ಆಟಿಕೆಗಳನ್ನು ಮಾಡಿಡುತ್ತಿದ್ದೆವು, ಮಗು ಊಟಕ್ಕಾಗಿ ಅತ್ತರೆ ಇಫ್ತಾರಿನ ಹೊತ್ತು ಬರುವವರೆಗೆ ಅದನ್ನು ಕೈಗೆ ಕೊಡುತ್ತಿದ್ದೆವು ಎಂದು ಅವರು ಹೇಳಿದ್ದಾರೆ. ಮಗುವಿನ ಹಸಿವಿನ ಜೊತೆಗೆ ದೊಡ್ಡವರೂ ಕುಳಿತಿದ್ದರು ಎಂಬುದನ್ನು ನಾನು ಇದರಲ್ಲಿ ಕಂಡೆ.

ನಮ್ಮ ಕಡೆ ಚಿಕ್ಕವರು ಬೆಳಗಿನಿಂದ ಮಧ್ಯಾಹ್ನದವರೆಗೆ ಅರ್ಧ ನೋಂಬು ಹಿಡಿಯುವುದು ರೂಢಿ. ಎಂಟು ವರ್ಷದ ಮಗನಿಗೆ ನಾನು ಇದನ್ನು ತಿರುಗಿಸಿ, ಸಂಜೆಗೆ ಮೊದಲಿನ ಅಸರ್ ನಮಾಝಿನಿಂದ ಸೂರ್ಯ ಮುಳುಗಿದಾಗಿನ ಮಗ್ರಿಬ್ ಬಾಂಗಿನವರೆಗೆ (ನಮಾಝಿನ ಕರೆ) ಹಿಡಿಯಲು ಹೇಳಿದೆ. ಮಧ್ಯಾಹ್ನಕ್ಕೆ ಮುಗಿಯುವ ಉಪವಾಸದಲ್ಲಿ ಮಗು ಒಬ್ಬನೇ ಕುಳಿತು ಉಣ್ಣಬೇಕಾಗುತ್ತದೆ. ಸಂಜೆಯದಾದರೆ ಎಲ್ಲರೊಡನೆ ಕೈಯಲ್ಲಿ ಖರ್ಜೂರ ಹಿಡಿದು ಬಾಂಗಿಗಾಗಿ ಕಾಯುವ, ದುಆ (ಪ್ರಾರ್ಥನೆ) ಹೇಳಿ ನೋಂಬು ಬಿಡುವ ಸಂತೋಷ ಅವನಿಗೂ ಸಿಗುತ್ತದೆ. ಹನ್ನೊಂದು ವರ್ಷದ ಮಗಳು ಶಾಲೆಗೆ ರಜೆಯಿರುವ ದಿನಗಳಲ್ಲಿ ಪೂರ್ಣ ನೋಂಬು ಹಿಡಿಯುತ್ತಾಳೆ. ಮಾರ್ಚ್ ತಿಂಗಳ ಸೆಕೆಯಲ್ಲಿ, ಅದೂ ವಾರ್ಷಿಕ ಪರೀಕ್ಷೆಯ ದಿನಗಳಲ್ಲಿ, ಸುಮಾರು ಹದಿಮೂರು ಗಂಟೆ ನೀರಿಲ್ಲದೆ ಇರುವುದು ಎಳೆಯ ದೇಹಕ್ಕೆ ಸುಲಭವಲ್ಲ. ತಲೆ ತಿರುಗಿದರೆ, ಜ್ವರ ಬಂದರೆ ತಕ್ಷಣ ನೀರು ಕುಡಿಯಬೇಕು, ಅದಕ್ಕಾಗಿ ಯಾರೂ ಅವರನ್ನು ಚುಡಾಯಿಸಬಾರದು ಎಂಬುದನ್ನು ಮನೆಯ ಎಲ್ಲರಿಗೂ ಮೊದಲೇ ತಿಳಿಸಿದ್ದೇನೆ.

ನಾವು ಅನುಸರಿಸುವ ಶಾಫಿಈ ಮದ್ಹಬಿನಲ್ಲಿ (ಕರ್ಮಶಾಸ್ತ್ರದ ಪಂಥದಲ್ಲಿ) ಪ್ರತಿ ದಿನದ ನೋಂಬಿಗೂ ಹಿಂದಿನ ರಾತ್ರಿಯೇ ನಿಯ್ಯತ್ (ಸಂಕಲ್ಪ) ಮಾಡಬೇಕು. ಮನೆಯ ಹೆಂಗಸರೆಲ್ಲ ಸೇರಿ ರಮಝಾನಿನ ರಾತ್ರಿಯ ತರಾವೀಹ್ ನಮಾಝ್ ಮುಗಿಸಿದ ಮೇಲೆ ಅತ್ತೆಯವರು ನಿಯ್ಯತಿನ ಮಾತುಗಳನ್ನು ಬಿಡಿಬಿಡಿಯಾಗಿ ಹೇಳುತ್ತಾರೆ, ಮಕ್ಕಳು ಅವರ ಹಿಂದೆ ಹೇಳುತ್ತಾರೆ. ನಾಲ್ಕು ವರ್ಷದ ಕಿರಿಯವಳಿಗೆ ಇನ್ನೂ ಅರ್ಥವಾಗದಿದ್ದರೂ ಅವಳ ಸ್ವರವೇ ಎಲ್ಲರಿಗಿಂತ ಜೋರು. ಬೆಳಗಾಗುವ ಮೊದಲಿನ ಊಟವಾದ ಅತ್ತಾಳಕ್ಕೆ ಏಳುತ್ತೇನೆಂದು ಅವಳು ಹಟ ಹಿಡಿದರೆ ಎಬ್ಬಿಸುತ್ತೇನೆ. ಕುಚ್ಚಲಕ್ಕಿ ಅನ್ನ, ಸಾರು, ಒಂದು ಬಾಳೆಹಣ್ಣು ಇಷ್ಟೇ ನಮ್ಮ ಅತ್ತಾಳ, ಅವಳ ತಟ್ಟೆಯೂ ಅಲ್ಲಿರುತ್ತದೆ. ಇಫ್ತಾರಿಗೂ ದಿನಕ್ಕೆ ಒಂದೇ ಬಗೆಯ ಕರಿದ ತಿಂಡಿ ಸಾಕೆಂದು ತೀರ್ಮಾನಿಸಿಕೊಂಡೆ. ಉಳಿದಂತೆ ಹಣ್ಣು ಮತ್ತು ತುಪ್ಪದಲ್ಲಿ ಹುರಿದ ಈರುಳ್ಳಿಯ ಒಗ್ಗರಣೆ ಹಾಕಿದ ರವೆಯ ಗಂಜಿ. ಇದರಿಂದ ಅಸರಿನ ನಂತರ ಒಲೆಯ ಮುಂದೆಯೇ ಕಳೆದುಹೋಗುತ್ತಿದ್ದ ಹೊತ್ತು ಮಕ್ಕಳೊಡನೆ ಕುರ್‌ಆನ್ ಓದಲು ದೊರೆಯಿತು.

ಸಮಯ ನೋಡುವ ಹೊಣೆ ಮಗಳದು. ಮಸೀದಿಯಿಂದ ಬಂದ ವೇಳಾಪಟ್ಟಿಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ, ಅತ್ತಾಳ ಮುಗಿಸಬೇಕಾದ ಹೊತ್ತನ್ನೂ ಮಗ್ರಿಬಿನ ಹೊತ್ತನ್ನೂ ಹಿಂದಿನ ರಾತ್ರಿ ಎಲ್ಲರಿಗೂ ಹೇಳುವವಳು ಅವಳೇ. ಮಾರ್ಚ್‌ನಲ್ಲಿ ಸುಬಹಿ (ಬೆಳಗಿನ ನಮಾಝಿನ ಹೊತ್ತು) ದಿನಕ್ಕಿಷ್ಟು ಮೊದಲಾಗುತ್ತ ಬಂದರೂ ಮಗ್ರಿಬ್ ಹೆಚ್ಚುಕಡಿಮೆ ಅಲ್ಲೇ ನಿಂತಿರುತ್ತದೆ ಎಂಬುದನ್ನು ಅವಳೇ ಗಮನಿಸಿದಳು. ಚಾಂದ್ರಮಾನ ವರ್ಷ ಸುಮಾರು 354 ದಿನಗಳದ್ದಾದ್ದರಿಂದ ರಮಝಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ ಎಂದು ವಿವರಿಸಿದಾಗ, 1980ರಲ್ಲಿ ಅದು ಜುಲೈ ನಡುವಿನಲ್ಲಿ ಆರಂಭವಾಗಿತ್ತು ಎಂಬುದನ್ನೂ ಹೇಳಿದೆ. ಆ ಮಳೆಗಾಲದ ರಮಝಾನ್‌ಗಳಲ್ಲಿ ಮೋಡ ಕವಿದು ಚಂದ್ರ ಕಾಣದೆ, ಮಸೀದಿಯಿಂದ ಸುದ್ದಿ ಬರಲೆಂದು ಕಾದು ಕುಳಿತಿರುತ್ತಿದ್ದ ರಾತ್ರಿಗಳ ಬಗ್ಗೆ ಅತ್ತೆಯವರು ಆಮೇಲೆ ಬಹಳ ಹೊತ್ತು ಮಾತನಾಡಿದರು.

ಮಕ್ಕಳ ತಂದೆ ಸೌದಿಯ ಜುಬೈಲಿನಲ್ಲಿ ದುಡಿಯುತ್ತಾರೆ. ಅಲ್ಲಿ ಸೂರ್ಯ ಮುಳುಗುವುದು ನಮಗಿಂತ ಒಂದೂವರೆ ಗಂಟೆಗೂ ಹೆಚ್ಚು ತಡವಾಗಿ. ನಮ್ಮ ರಾತ್ರಿಯ ಇಶಾ ನಮಾಝಿನ ಹೊತ್ತಿಗೆ ಅವರು ಕರೆ ಮಾಡುತ್ತಾರೆ. ಅವರು ನೋಂಬು ಬಿಡುವವರೆಗೆ ಮಕ್ಕಳು ಫೋನಿನ ಮುಂದಿನಿಂದ ಏಳುವುದಿಲ್ಲ.

ರಮಝಾನ್ ಹದಿನೇಳಕ್ಕೆ, ಹಿಜರಿ 2ರಲ್ಲಿ (ಕ್ರಿ.ಶ. 624) ನಡೆದ ಬದ್ರ್ ಯುದ್ಧದ ಮತ್ತು ಅದರಲ್ಲಿ ಪ್ರವಾದಿಯವರ ಕಡೆಯಿಂದ ಪಾಲ್ಗೊಂಡ 313 ಮಂದಿಯ ಕಥೆಯನ್ನು ಅತ್ತೆಯವರು ಹೇಳುತ್ತಾರೆ. ರಮಝಾನಿನ ಕೊನೆಯ ಹತ್ತು ದಿನಗಳ, ಹೆಚ್ಚು ಪುಣ್ಯದ್ದೆಂದು ನಂಬುವ ಬೆಸ ರಾತ್ರಿಗಳಲ್ಲಿ ಮಕ್ಕಳನ್ನು ಬಲವಂತವಾಗಿ ಎಚ್ಚರವಿರಿಸುವುದಿಲ್ಲ. ನಿದ್ದೆ ಬರುವವರೆಗೆ ನನ್ನ ಪಕ್ಕದಲ್ಲಿ ಕುಳಿತು ದುಆ ಮಾಡಿದರೆ ಸಾಕು.

ಮಕ್ಕಳು ಅತ್ಯಂತ ಶ್ರದ್ಧೆಯಿಂದ ಮಾಡುವ ಕೆಲಸ ಹಬ್ಬಕ್ಕೆ ಮೊದಲು ಬಡವರಿಗೆ ಕೊಡುವ ದಾನವಾದ ಫಿತ್ರ್ ಝಕಾತಿನದು. ಮನೆಯಲ್ಲಿರುವ ಪ್ರತಿಯೊಬ್ಬರ ಲೆಕ್ಕದಲ್ಲಿ, ಕೂಸಿನ ಲೆಕ್ಕದಲ್ಲೂ, ಊರಿನ ಮುಖ್ಯ ಆಹಾರವನ್ನು, ಹಳೆಯ ಅರಬ್ ಅಳತೆಯಲ್ಲಿ, ಒಂದು ಸಾಅ್‌ನಷ್ಟು ಕೊಡಬೇಕು. ನಾವು ತಲೆಗೆ 3 ಕಿಲೋ ಅಕ್ಕಿ ಎಂದು ಹಿಡಿದುಕೊಂಡಿದ್ದೇವೆ. ತಂದೆಯ ಪಾಲು ಅವರಿರುವ ಊರಿನಲ್ಲೇ ಸಲ್ಲಬೇಕಾದ್ದರಿಂದ ಅತ್ತೆಯವರು, ನಾನು, ಮೂವರು ಮಕ್ಕಳು ಸೇರಿ 15 ಕಿಲೋ. ನಾವು ದಿನವೂ ಉಣ್ಣುವ ಅಕ್ಕಿಯನ್ನೇ ಕೊಡಬೇಕೆಂದು ಮಗಳು ಅದನ್ನು ಮೊರದಲ್ಲಿ ಕೇರುತ್ತಾಳೆ, ಮಗ ತೂಗುತ್ತಾನೆ, ಕಿರಿಯವಳು ತನ್ನ ಪಾಲಿನ ಚೀಲ ಯಾವುದೆಂದು ಕೇಳಿ ಅದರ ಮೇಲೆ ಕೈಯಿಟ್ಟು ನಿಲ್ಲುತ್ತಾಳೆ. ಪೆರ್ನಾಲ್ (ಈದ್) ನಮಾಝಿಗೆ ಮೊದಲೇ ಇದು ತಲುಪಬೇಕಾದ್ದರಿಂದ ಚಂದ್ರ ಕಂಡ ಸುದ್ದಿ ಬಂದೊಡನೆ ತಕ್ಬೀರ್ (ಅಲ್ಲಾಹು ಅಕ್ಬರ್) ಹೇಳುತ್ತ ಹೊರಡುತ್ತೇವೆ. ಯಾರ ಮನೆಗೆ ಕೊಟ್ಟೆವೆಂದು ಶಾಲೆಯಲ್ಲಾಗಲಿ ಮದ್ರಸದಲ್ಲಾಗಲಿ ಹೇಳುವಂತಿಲ್ಲ. ಈ ಮಾತನ್ನು ದೊಡ್ಡ ಮಕ್ಕಳಿಬ್ಬರೂ ಇದುವರೆಗೆ ಉಳಿಸಿಕೊಂಡಿದ್ದಾರೆ. ಅಕ್ಕಿ ಕೊಟ್ಟು ಮನೆಗೆ ಬಂದ ಮೇಲೆಯೇ ಮದರಂಗಿ ಎಂಬುದು ನಮ್ಮಲ್ಲಿರುವ ನಿಯಮವಾದ್ದರಿಂದ, ಮರಳುವಾಗ ಮುಂದೆ ಓಡುವವಳು ಕಿರಿಯವಳು.