ಲಾ ಸೂಫ್ರಿಯೇರ್ ಸಿಡಿದಾಗ: ಸೇಂಟ್ ವಿನ್ಸೆಂಟಿನ ಶಿಬಿರವೊಂದರಲ್ಲಿ ನನ್ನ ಅನುಭವ

ಕೆರಿಬಿಯನ್ ಸಮುದ್ರದ ಪೂರ್ವದಂಚಿನಲ್ಲಿರುವ ಸೇಂಟ್ ವಿನ್ಸೆಂಟ್ ಅಂಡ್ ದ ಗ್ರೆನಡೀನ್ಸ್ ದೇಶದ ಒಟ್ಟು ವಿಸ್ತೀರ್ಣ 389 ಚದರ ಕಿಲೋಮೀಟರ್, ಜನಸಂಖ್ಯೆ ಸುಮಾರು 1,10,000. ಅಲ್ಲಿನ ಒಂದು ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನಾನು, 2021ರ ಏಪ್ರಿಲ್‌ನಲ್ಲಿ ಲಾ ಸೂಫ್ರಿಯೇರ್ ಜ್ವಾಲಾಮುಖಿ ಸಿಡಿದಾಗ, ದ್ವೀಪದ ದಕ್ಷಿಣ ಭಾಗದ ಶಾಲೆಯೊಂದರಲ್ಲಿ ತೆರೆದಿದ್ದ ಶಿಬಿರದಲ್ಲಿ ಸರ್ಕಾರಿ ದಾದಿಯರ ಜೊತೆ ಸ್ವಯಂಸೇವಕನಾಗಿ ಚಿಕಿತ್ಸೆಯ ಕೆಲಸ ನೋಡಿಕೊಂಡೆ. ಅದನ್ನು ಬರೆದಿಡಬೇಕೆನ್ನಿಸಿದ್ದಕ್ಕೆ ಕಾರಣವಿದೆ. ಅಲ್ಲಿ ನಮ್ಮ ಕೆಲಸಕ್ಕೆ ಬಂದ ತಿಳಿವಳಿಕೆಯಲ್ಲಿ ವೈದ್ಯಶಾಸ್ತ್ರದ ಪಾಲು ಎಷ್ಟಿತ್ತೋ, ಆ ದ್ವೀಪದ ಭೂಗೋಳ ಮತ್ತು ಸಮಾಜದ ಪಾಲೂ ಅಷ್ಟೇ ಇತ್ತು.

1,234 ಮೀಟರ್ ಎತ್ತರದ ಲಾ ಸೂಫ್ರಿಯೇರ್ ದ್ವೀಪದ ಉತ್ತರದ ತುದಿಯನ್ನೆಲ್ಲ ಆಕ್ರಮಿಸಿಕೊಂಡಿದೆ. ರಾಜಧಾನಿ ಕಿಂಗ್ಸ್‌ಟೌನ್ ಇರುವುದು ದಕ್ಷಿಣದ ತುದಿಯಲ್ಲಿ. ಅಲ್ಲಿಂದ ಹೊರಟ ರಸ್ತೆಗಳಲ್ಲಿ ಒಂದು ಪೂರ್ವದ ಕರಾವಳಿ ಹಿಡಿದು ಜಾರ್ಜ್‌ಟೌನ್, ಸ್ಯಾಂಡಿ ಬೇ, ಓವಿಯಾ ದಾಟಿ ಫ್ಯಾನ್ಸಿ ಎಂಬ ಕೊನೆಯ ಹಳ್ಳಿಯವರೆಗೆ ಹೋಗುತ್ತದೆ. ಇನ್ನೊಂದು ಪಶ್ಚಿಮದ ಕರಾವಳಿಯಲ್ಲಿ ಶಾಟೊಬೆಲೇರ್ ಕಡೆಗೆ ಸಾಗುತ್ತದೆ. ಉತ್ತರದಲ್ಲಿ ಇವೆರಡೂ ಕೂಡುವುದಿಲ್ಲ. ಬೆಟ್ಟ ಸಿಡಿದರೆ ಫ್ಯಾನ್ಸಿಯವರು ಅದರ ಬುಡವನ್ನೇ ಬಳಸಿಕೊಂಡು ದಕ್ಷಿಣಕ್ಕೆ ಬರಬೇಕು, ಇಲ್ಲವೇ ದೋಣಿ ಹತ್ತಬೇಕು. 2020ರ ಡಿಸೆಂಬರ್ ಕೊನೆಯಲ್ಲಿ ಕುಳಿಯೊಳಗೆ ಹೊಸ ಲಾವಾ ದಿಬ್ಬ ಬೆಳೆಯತೊಡಗಿತ್ತು. ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಭೂಕಂಪ ಸಂಶೋಧನಾ ಕೇಂದ್ರದ ತಂಡ ಬಂದು ಬೀಡುಬಿಟ್ಟಿತ್ತು. ತಂಡದ ಮುಂದಾಳು ರಿಚರ್ಡ್ ರಾಬರ್ಟ್‌ಸನ್ ಅದೇ ದ್ವೀಪದವರಾದ್ದರಿಂದ, ರೇಡಿಯೊದಲ್ಲಿ ಅವರು ಹೇಳಿದ್ದನ್ನು ಜನ ತಮ್ಮವನೊಬ್ಬನ ಮಾತೆಂದೇ ಕೇಳಿಸಿಕೊಂಡರು. ಏಪ್ರಿಲ್ 8ರ ಸಂಜೆ ಪ್ರಧಾನಿ ರಾಲ್ಫ್ ಗೊನ್ಸಾಲ್ವೆಸ್ ಅವರು ಅಪಾಯದ ನಕ್ಷೆಯ ಕೆಂಪು ವಲಯವನ್ನು, ಅಂದರೆ ಬೆಟ್ಟದ ಸುತ್ತಲಿನ ಅತಿ ಅಪಾಯದ ಪ್ರದೇಶವನ್ನು, ತೆರವು ಮಾಡಲು ಆದೇಶಿಸಿದರು; ಮರುದಿನ ಬೆಳಿಗ್ಗೆ ಎಂಟೂ ಮುಕ್ಕಾಲರ ಹೊತ್ತಿಗೆ ಮೊದಲ ಸ್ಫೋಟವಾಯಿತು. ಸ್ಫೋಟಗಳು ಏಪ್ರಿಲ್ 22ರವರೆಗೂ ನಡೆದವು. ಇಪ್ಪತ್ತು ಸಾವಿರದಷ್ಟು ಜನ ನೆಲೆ ಬಿಟ್ಟು ಬಂದಿದ್ದರು, ಆದರೆ ಸ್ಫೋಟಕ್ಕೆ ನೇರವಾಗಿ ಯಾರೂ ಬಲಿಯಾಗಲಿಲ್ಲ.

ಬಂದವರಲ್ಲಿ ಹೆಚ್ಚಿನವರು ಶಿಬಿರಗಳಿಗೆ ಬರಲಿಲ್ಲ. ದಕ್ಷಿಣದಲ್ಲಿದ್ದ ಅಕ್ಕನ ಮನೆ, ಸೋದರತ್ತೆಯ ಮನೆ, ಒಟ್ಟಿಗೆ ಓದಿದ ಗೆಳತಿಯ ಮನೆ ಸೇರಿಕೊಂಡರು. ಶಿಬಿರಕ್ಕೆ ಬಂದವರು ಅಂಥ ಆಸರೆ ಇಲ್ಲದವರು, ಅಂದರೆ ಬಡವರು, ಒಂಟಿ ವೃದ್ಧರು, ಮಕ್ಕಳು ಹೆಚ್ಚಿರುವ ತಾಯಂದಿರು. ಈ ಸಂಗತಿ ಮನಸ್ಸಿಗೆ ಬಂದ ಮೇಲೆ ನಾವು ಮಾಡಿದ ಮೊದಲ ಕೆಲಸ, ನೋಂದಣಿ ಪುಸ್ತಕವನ್ನು ಊರಿನ ಪ್ರಕಾರ ವಿಂಗಡಿಸಿದ್ದು. ಸ್ಯಾಂಡಿ ಬೇಗೆ ಒಂದು ಪುಟ, ಓವಿಯಾಕ್ಕೆ ಒಂದು ಪುಟ, ಫ್ಯಾನ್ಸಿಗೆ ಒಂದು. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಿದ್ದ ಹಿರಿಯರಲ್ಲಿ ಬಹಳ ಮಂದಿ ಚೀಟಿಯನ್ನೂ ಮಾತ್ರೆಯನ್ನೂ ಮನೆಯಲ್ಲೇ ಬಿಟ್ಟು ಬಂದಿದ್ದರು. ಕೇಳಿದರೆ "ಬಿಳಿ ಮಾತ್ರೆ, ಅರ್ಧ" ಎನ್ನುತ್ತಿದ್ದರು. ಆ ದೇಶದಲ್ಲಿ ಹಳ್ಳಿಗಳಿಗೂ ಸರ್ಕಾರಿ ಕ್ಲಿನಿಕ್ ಇದೆ, ಅಲ್ಲಿನ ದಾದಿಗೆ ಮನೆಮನೆಯ ಪರಿಚಯವಿದೆ. ಆ ದಾದಿಯರೂ ನಿರಾಶ್ರಿತರಾಗಿ ಬೇರೆ ಬೇರೆ ಕಡೆ ಇದ್ದರು. ನಾವು ಊರಿನ ಪುಟ ತೆರೆದಿಟ್ಟುಕೊಂಡು ಆಯಾ ಊರಿನ ದಾದಿಗೆ ಫೋನ್ ಮಾಡುತ್ತಿದ್ದೆವು, ಆಕೆ ನೆನಪಿನಿಂದಲೇ ಒಬ್ಬೊಬ್ಬರ ಔಷಧ ಹೇಳುತ್ತಿದ್ದಳು. "ಆ ಅಜ್ಜಿಗೆ ಮೆಟ್‌ಫಾರ್ಮಿನ್ ಕೊಟ್ಟರೆ ಹೊಟ್ಟೆ ಕೆಡುತ್ತದೆ ಡಾಕ್ಟ್ರೇ, ಊಟದ ಜೊತೆಗೇ ಕೊಡಿ" ಎಂದು ಎಚ್ಚರಿಸಿದವಳೂ ಇದ್ದಳು. ಆ ಮಾತನ್ನೂ ಪುಟದಲ್ಲಿ ಬರೆದುಕೊಂಡೆ.

ಜ್ವಾಲಾಮುಖಿಯ ಬೂದಿ ಎಂದರೆ ಒಲೆಯ ಬೂದಿಯಂತೆ ಮೆತ್ತಗಿರುವುದಿಲ್ಲ. ಅದು ಕಲ್ಲು ಮತ್ತು ಗಾಜಿನ ಅತಿ ಸಣ್ಣ ಚೂರು; ಕಣ್ಣುಜ್ಜಿದರೆ ಕಣ್ಣಗುಡ್ಡೆ ತರಚುತ್ತದೆ, ಒಣಗಿದ್ದಾಗ ಗುಡಿಸಿದರೆ ಇಡೀ ಕೋಣೆಯ ಗಾಳಿಗೆ ಸೇರುತ್ತದೆ. ಆದ್ದರಿಂದ ತರಗತಿಗಳಲ್ಲಿ ಪೊರಕೆ ಬಳಸುವುದನ್ನು ನಿಲ್ಲಿಸಿ, ಒದ್ದೆ ಬಟ್ಟೆಯಲ್ಲಿ ಒರೆಸುವ ಪದ್ಧತಿ ತಂದೆವು. ಗಾಳಿ ಬೀಸುವ ದಿಕ್ಕಿನ ಕಿಟಕಿಗಳಿಗೆ ಹಸಿ ಬೆಡ್‌ಶೀಟ್ ಕಟ್ಟಿದೆವು. ಚಪ್ಪಲಿಯನ್ನು ಬಾಗಿಲ ಹೊರಗೇ ಬಿಡಿಸಿದೆವು. ತೊಂದರೆಯೆಂದರೆ ನೀರು ಸರಬರಾಜು ನಿಂತುಹೋಗಿತ್ತು, ಸೂರಿನ ನೀರು ಹಿಡಿಯುವ ತೊಟ್ಟಿಗಳಿಗೂ ಬೂದಿ ಇಳಿದಿತ್ತು. ಒರೆಸುವುದಕ್ಕೆ ಕೈತೊಳೆದ ನೀರನ್ನೇ ಎತ್ತಿಟ್ಟುಕೊಳ್ಳುತ್ತಿದ್ದೆವು.

ಅಸ್ತಮಾದ ಮಕ್ಕಳದು ಎಲ್ಲಕ್ಕಿಂತ ದೊಡ್ಡ ಚಿಂತೆಯಾಗಿತ್ತು. ಕೋವಿಡ್ ಇನ್ನೂ ಹರಡುತ್ತಿದ್ದ ಕಾಲ. ಕಿಕ್ಕಿರಿದ ಕೋಣೆಯಲ್ಲಿ ನೆಬ್ಯುಲೈಸರ್ (ಔಷಧವನ್ನು ತುಂತುರಾಗಿಸಿ ಉಸಿರಿಗೆ ಕೊಡುವ ಯಂತ್ರ) ಹಾಕಿದರೆ ಅದರ ತುಂತುರಿನಿಂದ ಸೋಂಕು ಹರಡುವ ಭಯವಿತ್ತು. ಇನ್ಹೇಲರ್ ಇತ್ತು, ಅದರ ಔಷಧವನ್ನು ಹಿಡಿದಿಟ್ಟು ನಿಧಾನವಾಗಿ ಉಸಿರಿಗೆಳೆದುಕೊಳ್ಳಲು ಜೋಡಿಸುವ ಕೊಳವೆ, ಅಂದರೆ ಸ್ಪೇಸರ್, ಇರಲಿಲ್ಲ. ಅರ್ಧ ಲೀಟರಿನ ನೀರಿನ ಬಾಟಲಿಗಳು ಮಾತ್ರ ಪರಿಹಾರ ಸಾಮಗ್ರಿಯಾಗಿ ರಾಶಿ ಬಂದಿದ್ದವು. ಖಾಲಿ ಬಾಟಲಿಯನ್ನು ತೊಳೆದು ಒಣಗಿಸಿ, ತಳದಲ್ಲಿ ಇನ್ಹೇಲರಿನ ಬಾಯಿ ಬಿಗಿಯಾಗಿ ಕೂರುವಷ್ಟು ರಂಧ್ರ ಕೊರೆದು, ಸುತ್ತ ಅಂಟುಪಟ್ಟಿ ಸುತ್ತಿದರೆ ಸ್ಪೇಸರ್ ಸಿದ್ಧ. ಮಗು ಬಾಟಲಿಯ ಬಾಯಿಗೆ ತುಟಿ ಒತ್ತಿ, ಒಂದು ಸಲ ಔಷಧ ಬಿಟ್ಟ ಮೇಲೆ ನಾಲ್ಕೈದು ಬಾರಿ ನಿಧಾನವಾಗಿ ಉಸಿರಾಡಬೇಕು. ಬಾಟಲಿಯ ಮೇಲೆ ಮಗುವಿನ ಹೆಸರು ಬರೆದು ತಾಯಿಯ ಕೈಗೇ ಕೊಟ್ಟುಬಿಡುತ್ತಿದ್ದೆವು. ಒಬ್ಬರದನ್ನು ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ಭೇದಿಯಾದವರಿಗೆ ಓಆರ್‌ಎಸ್ ಜೊತೆಗೆ ಅಜ್ಜಿಯರು ತಾವಾಗಿಯೇ ಕೂವೆಹಿಟ್ಟಿನ ಗಂಜಿ ಕಾಯಿಸಿ ಕೊಡುತ್ತಿದ್ದರು. ಒಂದು ಕಾಲದಲ್ಲಿ ಕೂವೆಹಿಟ್ಟು ಆ ದ್ವೀಪದ ಮುಖ್ಯ ರಫ್ತಾಗಿತ್ತು. ಸುಟ್ಟ ಜೀಗುಜ್ಜೆ ಅಲ್ಲಿನ ದಿನನಿತ್ಯದ ಊಟ. ಕರಾವಳಿಯಲ್ಲಿ ಹುಟ್ಟಿ ಬೆಳೆದ ನನಗೆ ಎರಡೂ ಮನೆಯ ರುಚಿಗಳೇ.

ಎರಡು ಪಕ್ಷಗಳ ರಾಜಕೀಯ ಆ ದೇಶದಲ್ಲಿ ಮನೆಯೊಳಗಿನವರೆಗೂ ಇಳಿದಿದೆ. ಆಗ ಆಳುತ್ತಿದ್ದ ಯುಎಲ್‌ಪಿಯದು (ಯೂನಿಟಿ ಲೇಬರ್ ಪಾರ್ಟಿ) ಕೆಂಪು ಬಣ್ಣ, ವಿರೋಧದಲ್ಲಿದ್ದ ಎನ್‌ಡಿಪಿಯದು (ನ್ಯೂ ಡೆಮಾಕ್ರಟಿಕ್ ಪಾರ್ಟಿ) ಹಳದಿ. 2020ರ ನವೆಂಬರ್ ಚುನಾವಣೆಯಲ್ಲಿ ಒಟ್ಟು ಮತಗಳಲ್ಲಿ ಎನ್‌ಡಿಪಿ ತುಸು ಮುಂದಿದ್ದರೂ, 15 ಸ್ಥಾನಗಳಲ್ಲಿ 9 ಯುಎಲ್‌ಪಿಗೆ ದಕ್ಕಿದ್ದವು. ಆ ಕಹಿ ಇನ್ನೂ ಹಸಿಯಾಗಿತ್ತು. ಯಾರು ಯಾರಿಗೆ ಮತ ಹಾಕಿದರೆಂಬುದು ಊರಿಗೆಲ್ಲ ಗೊತ್ತಿರುವ ಇಂಥ ಸಣ್ಣ ದೇಶದಲ್ಲಿ, ಹಾಸಿಗೆ ಯಾರಿಗೆ ಮೊದಲು ಸಿಕ್ಕಿತು ಎಂಬುದೂ ಪಕ್ಷದ ಪ್ರಶ್ನೆಯಾಗಬಹುದು. ಆದ್ದರಿಂದ ನಮ್ಮ ಗುಂಪಿನವರು ಕೆಂಪು, ಹಳದಿ ಅಂಗಿ ತೊಡಬಾರದೆಂದು ಮಾತಾಡಿಕೊಂಡೆವು. ಔಷಧ, ಮಾಸ್ಕ್ ಹಂಚಿದ ಪಟ್ಟಿಯನ್ನು ದಿನವೂ ಬಾಗಿಲಿಗೆ ಅಂಟಿಸಿದೆವು. ಪಟ್ಟಿ ಕಣ್ಣೆದುರಿಗಿದ್ದಾಗ ಗುಸುಗುಸು ತಾನಾಗಿಯೇ ಕಡಿಮೆಯಾಯಿತು.

ಬೆಟ್ಟದ ಬುಡದ ಹಳ್ಳಿಗಳವರ ಬಗ್ಗೆ "ಅಷ್ಟು ಅಪಾಯವಿದ್ದರೂ ಅಲ್ಲೇಕೆ ಇರುತ್ತಾರೆ" ಎಂದು ಹೊರಗಿನಿಂದ ಬಂದವರು ಕೇಳುತ್ತಿದ್ದರು. ಇದಕ್ಕೆ ಉತ್ತರ ತಿಳಿಯದೆ ಆ ಜನರಿಗೆ ಚಿಕಿತ್ಸೆ ಕೊಡಲು ಹೋಗಬಾರದೆಂದು ನಾನು ದೃಢವಾಗಿ ನಂಬುತ್ತೇನೆ. ಬ್ರಿಟಿಷರ ವಿರುದ್ಧ ಹೋರಾಡಿದ, ದ್ವೀಪದ ಮೂಲನಿವಾಸಿಗಳು ಮತ್ತು ಆಫ್ರಿಕನ್ನರ ಮಿಶ್ರ ಸಂತತಿಯಾದ ಗರಿಫುನಾ ಜನರ ನಾಯಕ ಜೋಸೆಫ್ ಚಟೋಯರ್ 1795ರ ಮಾರ್ಚ್ 14ರಂದು ಹತನಾದ. ಸೋತ ಜನರನ್ನು 1797ರಲ್ಲಿ ಹಡಗಿಗೆ ತುಂಬಿ ಹೊಂಡುರಾಸ್ ಬಳಿಯ ರೊಅಟಾನ್ ದ್ವೀಪಕ್ಕೆ ಸಾಗಿಸಲಾಯಿತು. ಒಳ್ಳೆಯ ಭೂಮಿಯೆಲ್ಲ ಕಬ್ಬಿನ ತೋಟಗಳ ಪಾಲಾಯಿತು, ಉಳಿದ ಮೂಲನಿವಾಸಿಗಳಿಗೆ ಸಿಕ್ಕಿದ್ದು ಉತ್ತರದ ಇಳಿಜಾರು. 1902ರ ಮೇ 7ರಂದು ಇದೇ ಬೆಟ್ಟ ಸಿಡಿದಾಗ ಸತ್ತ ಸುಮಾರು 1,600 ಜನರಲ್ಲಿ ಹೆಚ್ಚಿನವರು ಅವರೇ. 1979ರ ಏಪ್ರಿಲ್‌ನಲ್ಲಿ, ದೇಶ ಸ್ವತಂತ್ರವಾಗುವ ಕೆಲವೇ ತಿಂಗಳ ಮುಂಚೆ, ಅವರು ಮತ್ತೆ ಓಡಿದರು. ಸ್ಯಾಂಡಿ ಬೇಯ ಒಬ್ಬ ಅಜ್ಜಿ ಹುಡುಗಿಯಾಗಿದ್ದಾಗ 1979ರಲ್ಲೂ ಹೀಗೆಯೇ ಶಾಲೆಯೊಂದರ ನೆಲದಲ್ಲಿ ಮಲಗಿದ್ದಳಂತೆ. ಆಕೆಯ ರಕ್ತದೊತ್ತಡ ಮಾತ್ರೆಗೆ ಬಗ್ಗುತ್ತಿರಲಿಲ್ಲ. ಬಿಟ್ಟುಬಂದ ಆಡುಗಳ ಸುದ್ದಿ ತಿಳಿದ ದಿನವೇ ಮೊದಲ ಬಾರಿ ಇಳಿಯಿತು.

ಆಡು, ಹಂದಿ, ದನಗಳಿಗೆ ಮೇವು ಹಾಕಲು ಗಂಡಸರು ನಿಷೇಧ ಮೀರಿ ಕೆಂಪು ವಲಯಕ್ಕೆ ಹೋಗಿ ಬರುತ್ತಿದ್ದರು. ಬೈದರೆ ಹೇಳದೆ ಹೋಗುತ್ತಾರೆ ಎಂದು ದಾದಿಯರು ಹೇಳಿದ್ದರಿಂದ, ಹೋಗುವವರಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ ಕೊಟ್ಟು, ಹೆಸರು ಬರೆದುಕೊಂಡು, ಸಂಜೆ ಮರಳಿದರೇ ಎಂದು ನೋಡುತ್ತಿದ್ದೆವು. ಮಳೆಯ ಸೂಚನೆಯಿದ್ದರೆ ರಬಾಕ್ಕ ಹೊಳೆ ದಾಟಬೇಡಿ ಎಂದು ಮತ್ತೆ ಮತ್ತೆ ಹೇಳುತ್ತಿದ್ದೆವು. ಸಾಮಾನ್ಯವಾಗಿ ಒಣಗಿರುವ ಆ ಪಾತ್ರದಲ್ಲಿ ಮಳೆ ಬಂದೊಡನೆ ಬೂದಿ ಮತ್ತು ಬಂಡೆಗಳ ಕೆಸರು ನುಗ್ಗುತ್ತದೆ. ಮೇ 6ರಂದು ಎಚ್ಚರಿಕೆಯ ಮಟ್ಟವನ್ನು ಕೆಂಪಿನಿಂದ ಕಿತ್ತಳೆಗೆ ಇಳಿಸಿದ ಮೇಲೂ ಈ ಅಪಾಯ ತಪ್ಪಲಿಲ್ಲ.

ಶಿಬಿರ ಮುಚ್ಚುವಾಗ ಊರಿನ ಪುಟಗಳನ್ನು ಆಯಾ ಕ್ಲಿನಿಕ್‌ನ ದಾದಿಯರಿಗೆ ಒಪ್ಪಿಸಿದೆವು. 2024ರ ಜುಲೈ 1ರಂದು ಬೆರಿಲ್ ಚಂಡಮಾರುತ ಅದೇ ದೇಶದ ಯೂನಿಯನ್ ಎಂಬ ಸಣ್ಣ ದ್ವೀಪವನ್ನು ನೆಲಸಮ ಮಾಡಿ, ಅಲ್ಲಿನವರು ದೋಣಿಗಳಲ್ಲಿ ದೊಡ್ಡ ದ್ವೀಪದ ಶಿಬಿರಗಳಿಗೆ ಬಂದಾಗ, ಜೊತೆಯಲ್ಲಿ ಕೆಲಸ ಮಾಡಿದ್ದ ದಾದಿಯೊಬ್ಬರು ಆ ಪುಟದ ಮಾದರಿ ಕೇಳಿ ವಾಟ್ಸಾಪ್ ಮಾಡಿದರು. ಕಳಿಸುವ ಮುಂಚೆ ಎರಡು ಕಲಂ ಸೇರಿಸಿದೆ: ಊರಿನ ದಾದಿಯ ಫೋನ್ ಸಂಖ್ಯೆ, ಮನೆಯಲ್ಲಿ ಉಳಿದಿರುವ ಸಾಕುಪ್ರಾಣಿಗಳು.