ಹೊಲದ ಪ್ರಶ್ನೆಯನ್ನು ಸಂಶೋಧನಾ ಪರಿಷತ್ತಿನ ಪಟ್ಟಿಗೆ ಸೇರಿಸುವುದು ಹೇಗೆ

ಆಳಂದ ತಾಲ್ಲೂಕಿನಲ್ಲಿ ನಮ್ಮದು ಎಂಟು ಎಕರೆ ಎರೆ ಹೊಲ. ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದ ಮೇಲೆ ಅಣ್ಣನ ಜೊತೆ ನಾನೂ ಒಕ್ಕಲುತನಕ್ಕೆ ಇಳಿದೆ. 2022ರಲ್ಲಿ ದೀಪಾವಳಿ ಕಳೆದು ತೊಗರಿ ಕಾಯಿ ಕಟ್ಟುವ ಹೊತ್ತಿಗೆ ಸಾಲುಸಾಲೇ ನಿಂತಲ್ಲಿ ಒಣಗಿದವು. ನೆಟೆ ರೋಗ. ಪಕ್ಕದ ಹೊಲದ ಕಾಕಾ ಬದುವಿನ ಮೇಲೆ ಕುಳಿತು, ಕಿತ್ತ ಗಿಡವನ್ನು ಕೈಯಲ್ಲಿ ಹಿಡಿದು, ಮಾತಿಲ್ಲದೆ ಅರ್ಧ ದಿನ ಕಳೆದರು.

ಆ ವಾರವೇ ನಾನು ಒಂದು ಸಂಶೋಧನಾ ಕಚೇರಿಗೆ ಎರಡು ಪುಟದ ಪತ್ರ ಬರೆದೆ. ಉತ್ತರ ಬರಲಿಲ್ಲ. ಮೂರು ತಿಂಗಳ ನಂತರ ಖುದ್ದಾಗಿ ಹೋದಾಗ ಯುವ ವಿಜ್ಞಾನಿಯೊಬ್ಬರು ಪತ್ರವನ್ನು ಪೂರ್ತಿ ಓದಿ, "ಮೇಡಂ, ಇದರಲ್ಲಿ ನಷ್ಟ ಇದೆ, ಬೇಡಿಕೆ ಇದೆ. ನಾವು ಹುಡುಕಬೇಕಾದ ಉತ್ತರದ ಪ್ರಶ್ನೆ ಎಲ್ಲಿದೆ?" ಎಂದು ಕೇಳಿದರು. ಹೊಲದ ಸಮಸ್ಯೆಯನ್ನು ಪ್ರಶ್ನೆಯಾಗಿ ಬರೆದು, ಯಾವುದನ್ನು ಮೊದಲು ಸಂಶೋಧಿಸಬೇಕೆಂಬ ಪಟ್ಟಿಗೆ ಸೇರಿಸುವ ಬಗ್ಗೆ ಅಲ್ಲಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಲಬುರಗಿ, ಬೀದರ, ಯಾದಗಿರಿಯ ಯಾವ ರೈತ ಗುಂಪು ಬೇಕಾದರೂ ಇದನ್ನು ಮಾಡಬಹುದು.

ಮೊದಲು ಕಾಲದ ಲೆಕ್ಕ ತಿಳಿದಿರಲಿ. ತೊಗರಿ ವರ್ಷಕ್ಕೆ ಒಂದೇ ಬೆಳೆ. ಎರಡು ತಳಿಗಳನ್ನು ಸಂಕರ ಮಾಡಿದರೆ ಗುಣ ಸ್ಥಿರವಾಗಲು ಆರೇಳು ಪೀಳಿಗೆ ಬೇಕು. ಆಮೇಲೆ ಹಲವು ಕೇಂದ್ರಗಳಲ್ಲಿ ಸುಮಾರು ಮೂರು ವರ್ಷದ ಪರೀಕ್ಷೆ, ನಂತರ ಬೀಜೋತ್ಪಾದನೆ. ಹತ್ತು ವರ್ಷ ಹಿಡಿಯುತ್ತದೆ. ಹೈದರಾಬಾದ್ ಬಳಿಯ ಪಟಾಂಚೆರುವಿನ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ 1972ರಲ್ಲಿ ಆರಂಭವಾದಾಗಲೇ ತೊಗರಿ ಅದರ ಆಯ್ದ ಬೆಳೆಗಳಲ್ಲಿತ್ತು. ನಮ್ಮ ಭಾಗದ ಹೊಲಗಳನ್ನು ತುಂಬಿದ, ನೆಟೆ ತಡೆಯುವ 'ಮಾರುತಿ' ತಳಿ ಬಿಡುಗಡೆಯಾದದ್ದು 1986ರಲ್ಲಿ. ಅಷ್ಟರಲ್ಲಿ ಎಷ್ಟು ಬಜೆಟ್‌ಗಳು, ಎಷ್ಟು ಮಂತ್ರಿಗಳು ಬಂದು ಹೋದರು! ವರ್ಷ ವರ್ಷ ಬದಲಾಗುವ ಕೈಗಳಲ್ಲಿ ಹತ್ತು ವರ್ಷದ ಕೆಲಸ ಉಳಿಯುವುದಿಲ್ಲ. ಅದಕ್ಕಾಗಿಯೇ ಪಟ್ಟಿಯನ್ನು ಕಾಯ್ದಿಡುವ ಪರಿಷತ್ತು ಬೇಕು. ಬ್ರಿಟನ್ನಿನಲ್ಲಿ 1918ರ ಹಾಲ್ಡೇನ್ ವರದಿಯ ಹೆಸರಿನಲ್ಲಿ ಒಂದು ತತ್ವ ಬೆಳೆಯಿತು: ಒಟ್ಟು ಹಣ ಎಷ್ಟೆಂದು ಸರ್ಕಾರ ಹೇಳಲಿ, ಯಾವ ಸಂಶೋಧನೆಗೆ ಎಂದು ವಿಷಯ ಬಲ್ಲವರು ಹೇಳಲಿ. 2017ರಲ್ಲಿ ಅದು ಅಲ್ಲಿನ ಕಾನೂನಿಗೇ ಸೇರಿತು. ಅಮೆರಿಕದಲ್ಲಿ ಖಗೋಳ ವಿಜ್ಞಾನಿಗಳು 1960ರ ದಶಕದಿಂದ ಹತ್ತು ವರ್ಷಕ್ಕೊಮ್ಮೆ ಸೇರಿ ತಮ್ಮ ಪಟ್ಟಿಯನ್ನು ತಾವೇ ಮಾಡುತ್ತಾರೆ. 2001ರ ವರದಿ ದೊಡ್ಡ ಯೋಜನೆಗಳಲ್ಲಿ ಮೊದಲ ಸ್ಥಾನ ಕೊಟ್ಟ ದೂರದರ್ಶಕವೇ 2021ರ ಡಿಸೆಂಬರ್‌ನಲ್ಲಿ ಹಾರಿದ ಜೇಮ್ಸ್ ವೆಬ್.

ನಮ್ಮಲ್ಲಿ ಈ ಕೆಲಸ 1929ರ ಜುಲೈ 16ರಂದು ಹುಟ್ಟಿದ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನದು. ಕೇಂದ್ರ ಕೃಷಿ ಸಚಿವರೇ ಅದರ ಅಧ್ಯಕ್ಷರು. ಹಾಗಾದರೆ ಸ್ವಾತಂತ್ರ್ಯ ಎಲ್ಲಿದೆ? ಒಳಗಿನ ಎರಡು ಕಡೆ ನೋಡಿ. ಪ್ರತಿ ಸಂಸ್ಥೆಗೂ ಹೊರಗಿನ ವಿಜ್ಞಾನಿಯ ಅಧ್ಯಕ್ಷತೆಯ ಸಂಶೋಧನಾ ಸಲಹಾ ಸಮಿತಿ ಇರುತ್ತದೆ; ಐದು ವರ್ಷಕ್ಕೊಮ್ಮೆ ಹೊರಗಿನವರ ಪರಿಶೀಲನಾ ತಂಡ ಬಂದು ಕೆಲಸವನ್ನು ತೂಗುತ್ತದೆ. ನಿಮ್ಮ ಪ್ರಶ್ನೆ ಇವರ ಕಡತಕ್ಕೆ ತಲುಪಬೇಕು.

2023ರ ಕಾಯ್ದೆಯಿಂದ, ಸಂಶೋಧನೆಗಳಿಗೆ ಹಣ ಕೊಡುವ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನವೂ ಬಂದಿದೆ. ಐದು ವರ್ಷಕ್ಕೆ 50,000 ಕೋಟಿ ರೂಪಾಯಿಯ ಅಂದಾಜು. ಅದರಲ್ಲಿ ಸುಮಾರು 36,000 ಕೋಟಿ ಸರ್ಕಾರದ ಹೊರಗಿನಿಂದ ಬರಬೇಕೆಂಬ ನಿರೀಕ್ಷೆ. ಈ ಅಂಕಿ ನನ್ನನ್ನು ಚಿಂತೆಗೆ ಹಚ್ಚುತ್ತದೆ. ಶಿಲೀಂಧ್ರನಾಶಕದ ಸಂಶೋಧನೆಗೆ ಹಣ ಕೊಡುವ ಕಂಪನಿ ಸಿಗುತ್ತದೆ. ಜೋಳದೊಂದಿಗೆ ತೊಗರಿ ಬಿತ್ತಿದರೆ ನೆಟೆ ಕಡಿಮೆಯಾಗುತ್ತದೆ ಎಂಬುದಕ್ಕೆ ಯಾವ ಕಂಪನಿ ಹಣ ಹಾಕೀತು? ಮಾರಲು ಬಾರದ ಇಂಥ ಉತ್ತರಗಳ ಪ್ರಶ್ನೆಗಳನ್ನು ನಾವೇ ಹೊತ್ತು ಪಟ್ಟಿಗೆ ಸೇರಿಸಬೇಕು.

ಈಗ ಕೆಲಸಕ್ಕೆ ಬನ್ನಿ. ರೋಗಕ್ಕೆ ಸರಿಯಾದ ಹೆಸರು ಹಿಡಿಯುವುದೇ ಅರ್ಧ ಕೆಲಸ. ನಮ್ಮ ಕಡೆ ಒಣಗಿದ ತೊಗರಿಯನ್ನೆಲ್ಲ ನೆಟೆ ಎಂದೇ ಕರೆಯುತ್ತೇವೆ. ಹೊಲದ ನಾಲ್ಕು ಮೂಲೆ ಮತ್ತು ನಡುವಿನಿಂದ ಗಿಡಗಳನ್ನು ಬೇರುಸಹಿತ ಅಗೆದು ತೆಗೆಯಿರಿ. ಬುಡದಿಂದ ಮೇಲಕ್ಕೆ ನೇರಳೆ ಪಟ್ಟಿ ಹತ್ತಿದ್ದು, ಕಾಂಡವನ್ನು ಉದ್ದಕ್ಕೆ ಸೀಳಿದಾಗ ಒಳಗೆ ಕಂದು ಅಥವಾ ಕಪ್ಪು ಗೆರೆ ಕಂಡರೆ ಅದು ಫ್ಯುಸೇರಿಯಂ ಶಿಲೀಂಧ್ರದ ನೆಟೆ. ಬೇರೇ ಕೊಳೆತು ಸಿಪ್ಪೆ ಚೂರುಚೂರಾಗಿ ಕಳಚಿದರೆ ಒಣ ಬೇರು ಕೊಳೆ. ನೀರು ನಿಂತ ಜಾಗದಲ್ಲಿ ಕಾಂಡದ ಮೇಲೆ ಕಂದು ಮಚ್ಚೆ ಬಿದ್ದು ಅಲ್ಲೇ ಮುರಿದರೆ ಫೈಟಾಪ್ಥೊರಾ ಎಂಬ ರೋಗಾಣುವಿನ ಕಾಟ. ನಮ್ಮ ಹೊಲದಲ್ಲಿ ತಗ್ಗಿನ ಭಾಗದ ಗಿಡಗಳು ಒಂದು ಕಥೆ ಹೇಳಿದವು, ಏರಿನ ಗಿಡಗಳು ಇನ್ನೊಂದು. ಸಂದೇಹವಿದ್ದರೆ ಗಿಡವನ್ನು ಕಾಗದದಲ್ಲಿ ಸುತ್ತಿ ಕಲಬುರಗಿಯ ಆಳಂದ ರಸ್ತೆಯ ಕೃಷಿ ಸಂಶೋಧನಾ ಕೇಂದ್ರಕ್ಕೆ ಒಯ್ಯಿರಿ. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ಬೆವರಿ ಕೊಳೆಯುತ್ತದೆ.

ಜೊತೆಗೆ ಒಂದು ವಹಿ ಇಡಿ. ಸರ್ವೆ ನಂಬರು, ತಳಿ, ಬೀಜ ತಂದ ಜಾಗ, ಬಿತ್ತಿದ ದಿನ, ಹಿಂದಿನ ಮೂರು ವರ್ಷದ ಬೆಳೆ, ಮೊದಲ ಗಿಡ ಬಾಡಿದ ದಿನ, ನೂರು ಗಿಡಕ್ಕೆ ಎಷ್ಟು ಹೋದವು. ಹಿಂದಿನ ಬೆಳೆಯ ವಿವರವನ್ನು ಯಾರೂ ಬರೆಯುವುದಿಲ್ಲ, ಆದರೆ ಅದೇ ಮುಖ್ಯ: ನೆಟೆಯ ಶಿಲೀಂಧ್ರ ಕೂಳೆಯಲ್ಲಿ, ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ.

ನಂತರ ಪ್ರಶ್ನೆ ಬರೆಯಿರಿ. ನನ್ನ ಹಳೆಯ ಪತ್ರದಲ್ಲಿ "ನೆಟೆ ರೋಗಕ್ಕೆ ಶಾಶ್ವತ ಪರಿಹಾರ ಒದಗಿಸಬೇಕು" ಎಂದಿತ್ತು. ಈಗಿನದು ಹೀಗಿದೆ: "ಮೂರು ವರ್ಷ ಸತತ ತೊಗರಿ ಬೆಳೆದ ಎರೆ ಹೊಲದಲ್ಲಿ, ಎರಡು ವರ್ಷ ಜೋಳ ಹಾಕಿ ಮತ್ತೆ ನೆಟೆ ತಡೆಯುವ ಟಿ.ಎಸ್-3ಆರ್ ತಳಿ ಬಿತ್ತಿದರೆ ನೆಟೆ ಎಷ್ಟು ತಗ್ಗುತ್ತದೆ? ಹೆಚ್ಚು ಮಳೆಯ ವರ್ಷದಲ್ಲಿ ಬೇರು ಕೊಳೆಯೂ ಸೇರಿದಾಗ ಈ ತಳಿಯ ತಡೆ ಉಳಿಯುತ್ತದೆಯೇ?" ಜಾಗ, ತಳಿ, ಹೋಲಿಕೆ, ಅಳತೆ ಈ ನಾಲ್ಕೂ ಇದ್ದರೆ ವಿಜ್ಞಾನಿ ಅದನ್ನು ಪ್ರಯೋಗವಾಗಿ ಬರೆದುಕೊಳ್ಳಬಲ್ಲರು.

ಒಬ್ಬರ ಪ್ರಶ್ನೆಗೆ ತೂಕ ಕಡಿಮೆ. ಬ್ರಿಟನ್ನಿನ ಜೇಮ್ಸ್ ಲಿಂಡ್ ಅಲಯನ್ಸ್ 2004ರಿಂದ ರೋಗಿಗಳನ್ನೂ ವೈದ್ಯರನ್ನೂ ಒಟ್ಟಿಗೆ ಕೂರಿಸಿ, ಯಾವ ಪ್ರಶ್ನೆ ಮೊದಲು ಸಂಶೋಧನೆಗೆ ಹೋಗಬೇಕೆಂದು ಹತ್ತರ ಪಟ್ಟಿ ಮಾಡಿಸುತ್ತದೆ. ಆ ಪದ್ಧತಿಯನ್ನು ನಮ್ಮ ಊರಿನ ಗುಡಿಯ ಕಟ್ಟೆಯ ಮೇಲೆ ಮಾಡಿ ನೋಡಿದೆವು. ಚೀಟಿಯ ಮೇಲೆ ಒಂದೊಂದು ಸಮಸ್ಯೆ, ಮುಂದೊಂದು ಬಟ್ಟಲು, ಪ್ರತಿಯೊಬ್ಬರಿಗೂ ಐದು ತೊಗರಿ ಕಾಳು. ಬೇಕಾದ ಬಟ್ಟಲಿಗೆ ಹಾಕಬೇಕು. ಗಂಡಸರ ಕಾಳು ನೆಟೆ ಮತ್ತು ಕಾಯಿಕೊರಕಕ್ಕೆ ಬಿದ್ದವು. ಹೆಣ್ಣುಮಕ್ಕಳ ಕಾಳು ಹೆಚ್ಚು ಬಿದ್ದದ್ದು, ಗಿಡ ಕವಲೊಡೆಯಲೆಂದು ಕುಡಿ ಚಿವುಟುವ ಕೆಲಸದ ಬಟ್ಟಲಿಗೆ. ಸೊಂಟ ಬಗ್ಗಿಸಿ ಆ ಕೆಲಸ ಮಾಡುವವರು ಅವರೇ. ಎಷ್ಟನೇ ದಿನಕ್ಕೆ, ಒಂದು ಸಲವೋ ಎರಡು ಸಲವೋ ಚಿವುಟಬೇಕು ಎಂಬ ಪ್ರಶ್ನೆ ನನ್ನ ಎರಡು ಪುಟದ ಪತ್ರದಲ್ಲಿ ಎಲ್ಲಿಯೂ ಇರಲಿಲ್ಲ. ಹೆಣ್ಣುಮಕ್ಕಳಿಲ್ಲದ ಸಭೆಯಲ್ಲಿ ಪಟ್ಟಿ ಮಾಡಬೇಡಿ.

ತಟ್ಟಬೇಕಾದ ಮೊದಲ ಬಾಗಿಲು ಕೃಷಿ ವಿಜ್ಞಾನ ಕೇಂದ್ರ. ಬೀದರಕ್ಕೊಂದಿದೆ, ಯಾದಗಿರಿಗೆ ಕವಡಿಮಟ್ಟಿಯಲ್ಲಿದೆ, ಕಲಬುರಗಿಗೆ ಆಳಂದ ರಸ್ತೆಯದಲ್ಲದೆ ಜೇವರ್ಗಿ ತಾಲ್ಲೂಕಿನ ರದ್ದೇವಾಡಗಿಯಲ್ಲೂ ಇದೆ. ಇಲ್ಲಿನ ವೈಜ್ಞಾನಿಕ ಸಲಹಾ ಸಮಿತಿಯಲ್ಲಿ ರೈತ ಪ್ರತಿನಿಧಿಗಳಿರುತ್ತಾರೆ. ಅವರು ಯಾರೆಂದು ಕೇಳಿ ತಿಳಿದು, ಸಭೆಗೆ ತಿಂಗಳ ಮೊದಲೇ ಪ್ರಶ್ನೆಯನ್ನೂ ವಹಿಯ ಪ್ರತಿಯನ್ನೂ ಕೊಡಿ. ಪತ್ರದಲ್ಲಿ ಮಳೆ, ಮಣ್ಣು ನೋಡಿ ವಿಂಗಡಿಸಿದ ನಿಮ್ಮ ಕೃಷಿ ಹವಾಮಾನ ವಲಯವನ್ನು ಬರೆಯಲು ಮರೆಯಬೇಡಿ. ನಮ್ಮ ಆಳಂದ ಮತ್ತು ಚಿಂಚೋಳಿ ಕಲಬುರಗಿ ಜಿಲ್ಲೆಯವಾದರೂ ಬೀದರದೊಂದಿಗೆ ಈಶಾನ್ಯ ಸಂಕ್ರಮಣ ವಲಯಕ್ಕೆ ಸೇರಿವೆ. ಅಫಜಲಪುರ, ಸೇಡಂ, ಯಾದಗಿರಿ ಕಡೆಯದು ಈಶಾನ್ಯ ಒಣ ವಲಯ. ಕೇಂದ್ರದ ಸಮಿತಿಯಿಂದ ಪ್ರಶ್ನೆ ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೂ, ದ್ವಿದಳ ಧಾನ್ಯಗಳ ಅಖಿಲ ಭಾರತ ಯೋಜನೆಯ ಮೂಲಕ ಕಾನ್ಪುರದ ದ್ವಿದಳ ಧಾನ್ಯ ಸಂಶೋಧನಾ ಸಂಸ್ಥೆಗೂ ಏರಬಲ್ಲದು. ಪರಿಷತ್ತಿನ ಎಂಟು ಪ್ರಾದೇಶಿಕ ಸಮಿತಿಗಳು ರಾಜ್ಯಗಳ ಸಮಸ್ಯೆ ಕೇಳಲೆಂದೇ ಇವೆ.

ಸಭೆ ಮುಗಿದ ಮೇಲೆ ನಡಾವಳಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ: ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. ರಾಜ್ಯದ ಕಚೇರಿಗಾದರೆ ಒಂದೇ ವಿಷಯ, 150 ಪದದೊಳಗೆ. "ನಡಾವಳಿ ಮತ್ತು ಹಿಂದಿನ ಸಭೆಯ ನಿರ್ಣಯಗಳ ಮೇಲೆ ಕೈಗೊಂಡ ಕ್ರಮದ ವರದಿ" ಎಂದೇ ಕೇಳಿ. ಕ್ರಮದ ವರದಿ ಬಂದರೆ ಮುಂದಿನ ಸಭೆಗೆ ಏನು ಕೇಳಬೇಕೆಂದು ತಾನೇ ಹೊಳೆಯುತ್ತದೆ.

ಜೋಳದ ಸರದಿಯ ನಮ್ಮ ಪ್ರಶ್ನೆ ಈಗ ಒಂದು ನಡಾವಳಿಯಲ್ಲಿ ಒಂದು ಸಾಲಾಗಿ ಕುಳಿತಿದೆ. ಕುಡಿ ಚಿವುಟುವ ಪ್ರಶ್ನೆ ಇನ್ನೂ ಇಲ್ಲ. ಈ ಸಲ ಅದನ್ನು ಹಿಡಿದುಕೊಂಡು ಆರು ಜನ ಹೆಣ್ಣುಮಕ್ಕಳು ಹೋಗುವುದೆಂದು ನಿಶ್ಚಯಿಸಿದ್ದೇವೆ. ಕಡತದ ಎರಡು ಪ್ರತಿ ಮಾಡಿಸಿದ್ದೇನೆ. ಒಂದು ನನ್ನ ಕಪಾಟಿನಲ್ಲಿದೆ. ಇನ್ನೊಂದು ಒಂಬತ್ತನೇ ತರಗತಿಯಲ್ಲಿರುವ ಅಣ್ಣನ ಮೊಮ್ಮಗಳ ಬಳಿ ಇದೆ. ಈ ವರ್ಷದ ವಹಿಯಲ್ಲಿ ಬಿತ್ತಿದ ದಿನವನ್ನು ಅವಳೇ ಬರೆದಳು.